34 ವರ್ಷ ಬ್ಯಾಂಕು, ಈಗ ಕಸೂತಿ: ಒಂದು ದುಪಟ್ಟಾಕ್ಕೆ ಎಷ್ಟು ಬೆಲೆ ಹೇಳಲಿ?

ಮಾಳಮಡ್ಡಿ (ಧಾರವಾಡ)
9 ಜೂನ್ 2024

ಎಲ್ಲರಿಗೂ ನಮಸ್ಕಾರ. ಒಂದು ವರ್ಷದಿಂದ ಇಲ್ಲಿ ಸುಮ್ನೆ ಓದುತ್ತಾ ಇದ್ದೆ. ಬರೆಯುತ್ತಿರುವುದು ಇದೇ ಮೊದಲು.

ಬ್ಯಾಂಕಿನಲ್ಲಿ 34 ವರ್ಷ ಕೆಲಸ ಮಾಡಿ ಕಳೆದ ಸೆಪ್ಟೆಂಬರ್ ಕೊನೆಗೆ ನಿವೃತ್ತಿ ಆಯಿತು. ಕ್ಯಾಷ್ ಕೌಂಟರಿನಲ್ಲಿ ಶುರು ಮಾಡಿದವಳು ಮ್ಯಾನೇಜರ್ ಆಗಿ ಹೊರಗೆ ಬಂದೆ. ಮೊದಲ ತಿಂಗಳು ಬೆಳಿಗ್ಗೆ ಎಂಟೂವರೆಗೆ ಸೀರೆ ಉಟ್ಟು, ಡಬ್ಬಿ ಕಟ್ಟಲು ಹೋಗಿ, ಆಮೇಲೆ ನೆನಪಾಗಿ ಕೂತುಬಿಡುತ್ತಿದ್ದೆ.

ಕಸೂತಿ ಕಲಿಸಿದ್ದು ನಮ್ಮ ಅವ್ವ. ಹತ್ತು ವರ್ಷದವಳಿದ್ದಾಗ ಅವಳ ಹಳೆ ಇಳಕಲ್ ಸೀರೆಯ ಸೆರಗಿನ ತುಂಡು ಕೊಟ್ಟು ಗವಂತಿ ಹೊಲಿಗೆ ಹಾಕಿಸುತ್ತಿದ್ದಳು. ಎಳೆಯ ಎಣಿಕೆ ತಪ್ಪಿದರೆ ಬಿಚ್ಚು ಅನ್ನುತ್ತಿದ್ದಳು, ಬೇರೇನೂ ಹೇಳುತ್ತಿರಲಿಲ್ಲ. ನೌಕರಿಗೆ ಸೇರಿದ ಮೇಲೆ ಸೂಜಿ ಮುಟ್ಟಿರಲಿಲ್ಲ. ಈಗ ಮತ್ತೆ ಕೂತೆ. ಆರು ತಿಂಗಳಲ್ಲಿ 11 ದುಪಟ್ಟಾ ಮಾಡಿದ್ದೇನೆ. ಎಲ್ಲವೂ ಹಳೆ ಸಹೋದ್ಯೋಗಿಗಳು, ನೆಂಟರೇ ತೆಗೆದುಕೊಂಡರು. ಒಂದಕ್ಕೆ 1,800 ರೂಪಾಯಿ. ಕೇಳಿದವರೆಲ್ಲ "ಇಷ್ಟೇನಾ?" ಅನ್ನುತ್ತಾರೆ, ಖುಷಿಯಿಂದ ಕೊಳ್ಳುತ್ತಾರೆ.

ಇದನ್ನು ಸರಿಯಾಗಿ ಒಂದು ವ್ಯಾಪಾರ ಅಂತ ಮಾಡಬೇಕು ಅನ್ನಿಸಿದೆ. ನೋಂದಣಿ ಏನೇನು ಬೇಕು? ಸರ್ಕಾರದ ಯೋಜನೆ ಏನಾದರೂ ಸಿಗುತ್ತದೆಯೇ? ಬೆಲೆ ಇದೇ ಇರಲಾ, ಸ್ವಲ್ಪ ಏರಿಸಲಾ? ಪೆನ್ಷನ್ ಬರುತ್ತದೆ, ಹಾಗಾಗಿ ಲಾಭ ನನಗೆ ಮುಖ್ಯ ಅಲ್ಲ. ಕೈಗೆ ಕೆಲಸ ಇರಬೇಕು ಅಷ್ಟೆ.

ಗದಗಿನ ಹುಡುಗ
9 ಜೂನ್ 2024

ಭಾರಿ ಚಂದ ಆಂಟಿ! ಇನ್‌ಸ್ಟಾಗ್ರಾಂನಲ್ಲಿ ಹಾಕಿ, ಒಂದು ರೀಲ್ ಓಡಿದರೆ ಸಾಕು, ಆರ್ಡರ್ ತಾನಾಗಿಯೇ ಬರುತ್ತವೆ.

ಮಾಳಮಡ್ಡಿ
9 ಜೂನ್ 2024

ಬಂದರೆ ಮಾಡಿಕೊಡುವುದು ಯಾರಪ್ಪಾ? ಇರುವುದು ನನ್ನವೇ ಎರಡು ಕೈ.

ಲೆಕ್ಕದ ರಾಯರು (ಮೈಸೂರು)
10 ಜೂನ್ 2024

ಮೇಡಂ, ಬೆಲೆಯ ಮಾತಿಗೆ ಮೊದಲು ಎರಡು ಪ್ರಶ್ನೆ. ಒಂದು ದುಪಟ್ಟಾಕ್ಕೆ ಬಟ್ಟೆ, ದಾರ ಸೇರಿ ಎಷ್ಟು ಖರ್ಚು? ಎಷ್ಟು ಗಂಟೆ ಕೂರುತ್ತೀರಿ? ಅಂದಾಜು ಬೇಡ. ಬ್ಯಾಂಕಿನವರಲ್ವಾ, ಬರೆದಿಟ್ಟಿರುತ್ತೀರಿ.

ಮಾಳಮಡ್ಡಿ
10 ಜೂನ್ 2024

ಬರೆದಿಟ್ಟಿದ್ದೇನೆ ರಾಯರೇ, ಚಟ ಹೋಗಿಲ್ಲ. ಬಟ್ಟೆ 650, ದಾರ 120. ಎರಡೂ ತುದಿಗೆ ಅಂಚು, ಮೈಮೇಲೆ 12 ಬುಟ್ಟಾ (ಬಿಡಿ ಚಿತ್ತಾರ). ಒಟ್ಟು 40 ಗಂಟೆ. ತೇರಿನ ಚಿತ್ತಾರ ಹಾಕಿದರೆ ಇನ್ನೂ ಜಾಸ್ತಿ.

ಲೆಕ್ಕದ ರಾಯರು
10 ಜೂನ್ 2024

1,800ರಲ್ಲಿ 770 ಕಳೆದರೆ 1,030. ಅದನ್ನು 40 ಗಂಟೆಗೆ ಭಾಗಿಸಿ. ಗಂಟೆಗೆ 26 ರೂಪಾಯಿಗೂ ಕಡಿಮೆ. ಎಂಟು ಗಂಟೆಯ ದಿನ ಅಂದರೆ ದಿನಕ್ಕೆ 206. 2024-25ರ ಸಾಲಿಗೆ ಕರ್ನಾಟಕದಲ್ಲಿ ನರೇಗಾ ಕೂಲಿ ದಿನಕ್ಕೆ 349 ರೂಪಾಯಿ.

ಇದರಲ್ಲಿ ಕರೆಂಟು, ಇಸ್ತ್ರಿ, ಪ್ಯಾಕಿಂಗ್, ಬಟ್ಟೆ ತರಲು ಹೋದ ಬಸ್ ಚಾರ್ಜು ಯಾವುದೂ ಇಲ್ಲ.

ಮಾಳಮಡ್ಡಿ
10 ಜೂನ್ 2024

ಹೀಗೆ ಭಾಗಿಸಿ ನೋಡಿಯೇ ಇರಲಿಲ್ಲ. ಸಾಲ ಕೇಳಲು ಬಂದವರಿಗೆ ಎಷ್ಟು ಲೆಕ್ಕ ಕೇಳುತ್ತಿದ್ದೆ ನಾನು! ಇರಲಿ. ಆದರೂ ನನಗೆ ಇದು ಹೊಟ್ಟೆಪಾಡಲ್ಲ, ಸಮಾಧಾನ. ಕಡಿಮೆ ಬೆಲೆಗೆ ನಾಲ್ಕು ಜನ ಉಟ್ಟುಕೊಂಡು ತಿರುಗಿದರೆ ಕಲೆ ಉಳಿಯುತ್ತದೆ ಅಂತ ನನ್ನ ಭಾವನೆ.

ಸೂಜಿಮೊನೆ (ಕಲಘಟಗಿ)
11 ಜೂನ್ 2024

ಅಕ್ಕಾರೆ, ಸಿಟ್ಟಾಗಬೇಡಿ. ನಾನು 19 ವರ್ಷದಿಂದ ಕಸೂತಿ ಹಾಕಿಯೇ ಮನೆ ನಡೆಸುವವಳು. ಸಣ್ಣ ಬುಟ್ಟಾ ಒಂದಕ್ಕೆ 15 ರೂಪಾಯಿ ಕೊಡುತ್ತಾರೆ. ಎಷ್ಟು ಬೇಗ ಹಾಕಿದರೂ ಒಂದಕ್ಕೆ 40 ನಿಮಿಷ. ಹೋದ ತಿಂಗಳು ಅಂಗಡಿಯವರ ಹತ್ತಿರ 25 ಕೇಳಿದೆ. ಏನು ಹೇಳಿದರು ಗೊತ್ತಾ? "ಧಾರವಾಡದಲ್ಲಿ ಒಬ್ಬರು ಮೇಡಂ ಇಡೀ ದುಪಟ್ಟಾನೇ 1,800ಕ್ಕೆ ಕೊಡ್ತಾರೆ, ಬಟ್ಟೆನೂ ಅವರದೇ. ನಿಮಗ್ಯಾಕೆ ಅಷ್ಟು?"

ಆ ಮೇಡಂ ನೀವೋ ಬೇರೆಯವರೋ ನನಗೆ ಗೊತ್ತಿಲ್ಲ. ಯಾರಾದರೂ ಒಂದೇ. ನಿಮಗೆ ತಿಂಗಳ ಒಂದನೇ ತಾರೀಖಿಗೆ ಪೆನ್ಷನ್ ಬರುತ್ತದೆ. ನಿಮ್ಮ ದುಪಟ್ಟಾದ ಅರ್ಧ ಬೆಲೆಯನ್ನು ಆ ಪೆನ್ಷನ್ನೇ ಕೊಡುತ್ತಿದೆ. ನನ್ನದನ್ನು ಯಾರು ಕೊಡುತ್ತಾರೆ? ಕಲೆ ಉಳಿಯುತ್ತದೆ ಅಂದಿರಿ. ನಮ್ಮ ಓಣಿಯಲ್ಲಿ ಕಸೂತಿ ಬಿಟ್ಟು ಗಾರ್ಮೆಂಟ್ಸಿಗೆ ಹೋದವರ ಹೆಸರು ಬೇಕಾದರೆ ಎಣಿಸುತ್ತೇನೆ.

ಗದಗಿನ ಹುಡುಗ
11 ಜೂನ್ 2024

ಇದು ಸ್ವಲ್ಪ ಅತಿಯಾಯಿತು. ಅವರ ಕೈಕೆಲಸ, ಅವರ ಬೆಲೆ. ಯಾರೂ ಯಾರಿಗೂ ಇಷ್ಟಕ್ಕೇ ಮಾರಿ ಅಂತ ಹೇಳೋ ಹಾಗಿಲ್ಲ ಅಲ್ವಾ? ದೊಡ್ಡ ಪೆಟ್ಟು ಕೊಡುತ್ತಿರುವುದು ಕಂಪ್ಯೂಟರ್ ಎಂಬ್ರಾಯ್ಡರಿ, ಈ ಆಂಟಿ ಅಲ್ಲ.

ಸೂಜಿಮೊನೆ
11 ಜೂನ್ 2024

ಮಷೀನಿನದನ್ನು ತಿರುಗಿಸಿ ನೋಡಿದರೆ ಗೊತ್ತಾಗುತ್ತದೆ ತಮ್ಮಾ. ಹಿಂದೆ ಬಾಬಿನ್ ದಾರ, ಕೆಲವಕ್ಕೆ ಕಾಗದ ಬೇರೆ ಅಂಟಿರುತ್ತದೆ. ಗವಂತಿ, ಮುರ್ಗಿ ಎರಡೂ ಹೊಲಿಗೆ ಹಿಂದೆ ಮುಂದೆ ಒಂದೇ ಥರ ಕಾಣಬೇಕು, ಗಂಟು ಇರಬಾರದು. ಅದನ್ನು ತೋರಿಸಿ ಗಿರಾಕಿಯ ಹತ್ತಿರ ವಾದ ಮಾಡಬಹುದು. ಅಕ್ಕಾರ ದುಪಟ್ಟಾ ಮಷೀನಿನದಲ್ಲ, ನನ್ನದೂ ಅಲ್ಲ. ಎರಡೂ ಕೈಕೆಲಸವೇ. ಅಲ್ಲಿ ಏನಂತ ವಾದ ಮಾಡಲಿ?

ಮಾಳಮಡ್ಡಿ
13 ಜೂನ್ 2024

ಎರಡು ದಿನ ಇಲ್ಲಿಗೆ ಬರಲಿಲ್ಲ. ನಿಜ ಹೇಳುತ್ತೇನೆ, ಸಿಟ್ಟು ಬಂದಿತ್ತು. ನಾನೇನು ಕಳ್ಳತನ ಮಾಡಿದೆನಾ ಅಂತ. ನಿನ್ನೆ ರಾತ್ರಿ ಹಳೆ ಪುಸ್ತಕ ತೆಗೆದು ಹನ್ನೊಂದೂ ದುಪಟ್ಟಾಗಳ ಲೆಕ್ಕ ನೋಡಿದೆ. ಹುಬ್ಬಳ್ಳಿಯ ಒಬ್ಬ ಗೆಳತಿ ಎರಡು ತೆಗೆದುಕೊಂಡಿದ್ದಳು. ಕೇಳಿದರೆ, ಅದರಲ್ಲಿ ಒಂದನ್ನು ಅಂಗಡಿಯವರಿಗೆ "ನೋಡಿ ಎಷ್ಟು ಅಗ್ಗ" ಅಂತ ತೋರಿಸಿದ್ದಳಂತೆ. ನಿಮ್ಮ ಅಂಗಡಿಯೇ ಇರಬೇಕು ಅಂತೇನಿಲ್ಲ. ಇದ್ದರೂ ಇರಬಹುದು.

ತಂಗೀ, ನಿಮ್ಮ ಲೆಕ್ಕದಲ್ಲಿ ಗಂಟೆಗೆ ಎಷ್ಟಿರಬೇಕು? ಅದನ್ನು ಹೇಳಿ.

ಸೂಜಿಮೊನೆ
13 ಜೂನ್ 2024

60. ಆಸೆಗೆ ಹೇಳಿದ್ದಲ್ಲ, ಎಂಟು ಗಂಟೆಗೆ 480 ಆಗುತ್ತದೆ. ಗಾರೆ ಕೆಲಸದ ಆಳಿಗೆ ನಮ್ಮೂರಲ್ಲಿ ಅದಕ್ಕಿಂತ ಜಾಸ್ತಿ ಇದೆ.

ಮಾಳಮಡ್ಡಿ
13 ಜೂನ್ 2024

ಹಾಗಾದರೆ 2,400 ಕೂಲಿ, 770 ಸಾಮಾನು, ಮೇಲಿನ ಖರ್ಚು ಸೇರಿ 3,600. ನನ್ನ ಹಳೆ ಬೆಲೆಯ ಸರಿಯಾಗಿ ಎರಡು ಪಟ್ಟು! ಯಾರು ಕೊಳ್ಳುತ್ತಾರೆ?

ಬನಶಂಕರಿ ಬೊಟಿಕ್ (ಬೆಂಗಳೂರು)
14 ಜೂನ್ 2024

ಕೊಳ್ಳುವವರು ಇದ್ದಾರೆ, ಆದರೆ ಅವರು ನಿಮ್ಮ ನೆಂಟರಲ್ಲ. ಹತ್ತು ವರ್ಷದಿಂದ ಸಣ್ಣ ಅಂಗಡಿ ನಡೆಸುತ್ತಿದ್ದೇನೆ. ನಿವೃತ್ತರಾದವರು ಮಾಡುವ ತಪ್ಪು ಒಂದೇ, ಮೊದಲ ಹತ್ತು ಗಿರಾಕಿಗಳನ್ನು ಮನೆಯವರಲ್ಲೇ ಹುಡುಕುತ್ತಾರೆ. ಅವರು ಮುಲಾಜಿಗೆ ಕೊಳ್ಳುತ್ತಾರೆ, ನೀವು ಮುಲಾಜಿಗೆ ಬೆಲೆ ಇಳಿಸುತ್ತೀರಿ. ಹನ್ನೊಂದನೆಯವರು ಬರುವುದೇ ಇಲ್ಲ.

ಇನ್ನೊಂದು. ಎಲ್ಲವನ್ನೂ ದುಪಟ್ಟಾ ಮಾಡಬೇಡಿ. 40 ಗಂಟೆಯ ವಸ್ತುವಿನ ಪಕ್ಕ ನಾಲ್ಕು ಗಂಟೆಯ ವಸ್ತುವೂ ಇರಲಿ. ರವಿಕೆಯ ತೋಳಿಗೆ ಒಂದು ಪಟ್ಟಿ, ಖಣದ (ರವಿಕೆ ಬಟ್ಟೆಯ) ಪೌಚಿನ ಮೇಲೆ ಒಂದು ತುಳಸಿ ಕಟ್ಟೆ. ಗುಳೇದಗುಡ್ಡದ ಖಣ ತಂದು ಅಂಚಿಗೆ ಬಳಸಿದರೆ ನೋಡಿದ ತಕ್ಷಣ ಊರು ಗೊತ್ತಾಗುತ್ತದೆ. ಸಣ್ಣದನ್ನು ಕೊಂಡವರೇ ಆರು ತಿಂಗಳ ಮೇಲೆ ದೊಡ್ಡದಕ್ಕೆ ಬರುತ್ತಾರೆ. ಅಂಗಡಿಗೆ ಕೊಡುವುದಾದರೆ ನಮ್ಮ ಪಾಲನ್ನೂ ಬೆಲೆಯಲ್ಲಿ ಸೇರಿಸಿಕೊಳ್ಳಿ. ಪುಕ್ಕಟೆ ಯಾರೂ ಶೆಲ್ಫ್ ಕೊಡುವುದಿಲ್ಲ, ನಾನೂ ಕೊಡುವುದಿಲ್ಲ.

ತಿಗರಿ ತಾತ (ತುಮಕೂರು)
15 ಜೂನ್ 2024

ನಡುವೆ ನನ್ನ ಕಥೆಯೂ ಇರಲಿ, ಯಾರಿಗಾದರೂ ಉಪಯೋಗಕ್ಕೆ ಬರಲಿ. 36 ವರ್ಷ ಮೆಕ್ಯಾನಿಕಲ್ ಇಂಜಿನಿಯರ್. ನಿವೃತ್ತಿಯ ದುಡ್ಡು ಬಂದ ವಾರವೇ ಕುಂಬಾರಿಕೆ ಮಾಡುತ್ತೇನೆ ಅಂತ ಕರೆಂಟಿನ ಭಟ್ಟಿ ಕೊಂಡೆ. ಮನೆಗೆ ತಂದ ಮೇಲೆ ಗೊತ್ತಾಗಿದ್ದು, ನಮ್ಮ ಮೀಟರ್ ಅದರ ಭಾರ ಎಳೆಯುವುದಿಲ್ಲ, ತ್ರೀ ಫೇಸ್ ಬೇಕು. ಇಂಜಿನಿಯರ್ ನಾನು, ನಗಬೇಡಿ. ನಾಲ್ಕು ತಿಂಗಳು ಭಟ್ಟಿಯ ಮೇಲೆ ಮೊಮ್ಮಕ್ಕಳ ಬಟ್ಟೆ ಒಣಗಿದವು.

ಭಟ್ಟಿ ಬಂದರೂ ಮಣ್ಣು ಹದ ಮಾಡುವುದು ಬರಬೇಕಲ್ಲ. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆಯೇ ಇದೆ. ಅಲ್ಲಿ ಮೊದಲು ವಿಚಾರಿಸಬೇಕಿತ್ತು, ಆಮೇಲೆ ಭಟ್ಟಿ. ನಾನು ತಿರುವುಮುರುವು ಮಾಡಿದೆ. ನಿಮ್ಮದು ಸೂಜಿ, ದಾರ ಮೇಡಂ. ಪುಣ್ಯವಂತರು.

ಮಾಳಮಡ್ಡಿ
15 ಜೂನ್ 2024

ನಗಲಿಲ್ಲ ತಾತ. ಸ್ವಲ್ಪ ನಕ್ಕೆ.

ಲೆಕ್ಕದ ರಾಯರು
16 ಜೂನ್ 2024

ನೋಂದಣಿ, ತೆರಿಗೆ ಬಗ್ಗೆ ಯಾರೂ ಹೇಳಲಿಲ್ಲ, ನಾನೇ ಹೇಳುತ್ತೇನೆ. ಉದ್ದ ಇದೆ, ಚಹಾ ಇಟ್ಟುಕೊಂಡು ಓದಿ.

ಉದ್ಯಮ್ (ಸಣ್ಣ ಉದ್ಯಮಗಳ) ನೋಂದಣಿ ಮಾಡಿಕೊಳ್ಳಿ. ಸರ್ಕಾರದ ಪೋರ್ಟಲ್‌ನಲ್ಲಿ ಆಧಾರ್, ಪ್ಯಾನ್ ಕೊಟ್ಟರೆ ಆಯಿತು, ಒಂದು ಪೈಸೆ ಶುಲ್ಕ ಇಲ್ಲ. ಅದೇ ಥರ ಕಾಣುವ ಖಾಸಗಿ ಸೈಟುಗಳು ಸಾವಿರ, ಎರಡು ಸಾವಿರ ಕೀಳುತ್ತವೆ, ಹುಷಾರು.

ಜಿಎಸ್‌ಟಿ: ವಸ್ತು ಮಾರುವವರಿಗೆ ರಾಜ್ಯದ ಒಳಗೆ ವರ್ಷಕ್ಕೆ 40 ಲಕ್ಷದವರೆಗೆ ನೋಂದಣಿ ಬೇಡ. ನೀವು ಹತ್ತಿರಕ್ಕೂ ಹೋಗುವುದಿಲ್ಲ. ಬೇರೆ ರಾಜ್ಯಕ್ಕೆ ಮಾರಿದರೆ ಸಾಮಾನ್ಯವಾಗಿ ಮೊದಲ ರೂಪಾಯಿಯಿಂದಲೇ ನೋಂದಣಿ ಬೇಕು. ಆದರೆ ಸರ್ಕಾರದ ಕರಕುಶಲ ಪಟ್ಟಿಯಲ್ಲಿರುವ ವಸ್ತುಗಳಿಗೆ 20 ಲಕ್ಷದವರೆಗೆ ವಿನಾಯಿತಿ ಇದೆ. ಷರತ್ತು ಏನೆಂದರೆ ಪ್ಯಾನ್ ಇರಬೇಕು, ಬೆಲೆ ಎಷ್ಟೇ ಇರಲಿ ಇ-ವೇ ಬಿಲ್ (ಸರಕು ಸಾಗಣೆಯ ಆನ್‌ಲೈನ್ ಚೀಟಿ) ಮಾಡಬೇಕು. ಪುಣೆಯ ನಾದಿನಿಗೆ ಉಡುಗೊರೆ ಕಳಿಸುವುದು ಬೇರೆ, ಪುಣೆಯ ಗಿರಾಕಿಗೆ ಮಾರುವುದು ಬೇರೆ. ದೊಡ್ಡ ಆನ್‌ಲೈನ್ ಮಾರಾಟ ತಾಣಗಳಲ್ಲಿ 2023ರ ಅಕ್ಟೋಬರ್ 1ರಿಂದ ಜಿಎಸ್‌ಟಿ ಇಲ್ಲದ ಸಣ್ಣವರೂ ಮಾರಬಹುದು, ಆದರೆ ರಾಜ್ಯದ ಒಳಗೆ ಮಾತ್ರ. ಅದಕ್ಕೂ ಪೋರ್ಟಲ್‌ನಲ್ಲಿ ಒಂದು ದಾಖಲಾತಿ ಸಂಖ್ಯೆ ಪಡೆಯಬೇಕು.

ಈಗ ನಿವೃತ್ತರು ಎಡವುವ ಜಾಗ. ಅರವತ್ತು ದಾಟಿದವರಿಗೆ ಮುಂಗಡ ತೆರಿಗೆ ಇಲ್ಲ ಅಂತ ಎಲ್ಲರೂ ತಿಳಿದಿರುತ್ತಾರೆ. ಅದು ವ್ಯಾಪಾರದ ಆದಾಯ ಇಲ್ಲದವರಿಗೆ ಮಾತ್ರ. ದುಪಟ್ಟಾ ಮಾರಿದ ದಿನ ಆ ರಿಯಾಯಿತಿ ಹೋಯಿತು. ಟಿಡಿಎಸ್ (ಮೊದಲೇ ಹಿಡಿದ ತೆರಿಗೆ) ಕಳೆದು 10,000 ಅಥವಾ ಅದಕ್ಕಿಂತ ಹೆಚ್ಚು ತೆರಿಗೆ ಉಳಿದರೆ ಮುಂಗಡವಾಗಿ ಕಟ್ಟಬೇಕು. ಅಂದಾಜು ಆದಾಯದ ಪದ್ಧತಿಗೆ ಹೋದರೆ ಸುಲಭ. ಮಾರಾಟದ 8 ಪ್ರತಿಶತ, ಬ್ಯಾಂಕ್ ಮೂಲಕ ಬಂದ ಹಣಕ್ಕೆ 6 ಪ್ರತಿಶತ ಲಾಭ ಅಂತ ತೋರಿಸಿ, ಮುಂಗಡ ತೆರಿಗೆಯನ್ನು ಮಾರ್ಚ್ 15ರ ಒಳಗೆ ಒಂದೇ ಕಂತಿನಲ್ಲಿ ಕಟ್ಟಬಹುದು. ರಿಟರ್ನ್ ಕೂಡ ನೀವು ಹಾಕುತ್ತಿದ್ದ ಸಹಜ್ (ಐಟಿಆರ್-1) ಫಾರಂ ನಡೆಯುವುದಿಲ್ಲ, ಸುಗಮ್ (ಐಟಿಆರ್-4) ಹಾಕಬೇಕು. ತೆರಿಗೆಯ ಹಳೆ ಪದ್ಧತಿ, ಹೊಸ ಪದ್ಧತಿ ಅಂತ ವರ್ಷ ವರ್ಷ ಬದಲಾಯಿಸುವ ಸೌಲಭ್ಯವೂ ವ್ಯಾಪಾರದವರಿಗೆ ಇಲ್ಲ. ಮೊದಲ ವರ್ಷ ಒಬ್ಬ ಆಡಿಟರ್ ಹತ್ತಿರ ಹೋಗಿ, ನನ್ನ ಮಾತನ್ನೇ ನಂಬಬೇಡಿ.

ಗದಗಿನ ಹುಡುಗ
16 ಜೂನ್ 2024

ಪಿಎಂ ವಿಶ್ವಕರ್ಮದಲ್ಲಿ 15,000 ರೂಪಾಯಿಯ ಉಪಕರಣ, 5 ಪ್ರತಿಶತ ಬಡ್ಡಿಗೆ ಸಾಲ ಅಂತ ಇದೆಯಲ್ಲ? ಅದಕ್ಕೆ ಹಾಕಬಹುದಾ?

ಲೆಕ್ಕದ ರಾಯರು
16 ಜೂನ್ 2024

ಅದರಲ್ಲಿ 18 ಕಸುಬು ಇವೆ. ದರ್ಜಿ ಇದೆ, ಕುಂಬಾರ ಇದೆ, ಗೊಂಬೆ ಮಾಡುವವರು ಇದ್ದಾರೆ. ಕಸೂತಿ ಅಂತ ಬೇರೆ ಇಲ್ಲ. ಇನ್ನೂ ಒಂದು, ಮನೆಯಲ್ಲಿ ಸರ್ಕಾರಿ ನೌಕರರಿದ್ದರೆ ಆ ಕುಟುಂಬಕ್ಕೆ ಸಿಗುವುದಿಲ್ಲ. ಮೇಡಂಗೆ ಸಾಲ ಯಾಕೆ ಹೇಳಿ? ಅವರ ಬಂಡವಾಳ ಒಂದು ಸಂಚಿಯಲ್ಲಿ ಹಿಡಿಯುತ್ತದೆ.

ಸೂಜಿಮೊನೆ
16 ಜೂನ್ 2024

ಕರಕುಶಲಿಗರ ಪೆಹಚಾನ್ ಕಾರ್ಡ್ ಮಾಡಿಸಿಕೊಳ್ಳಿ ಅಕ್ಕಾರೆ, ಕೇಂದ್ರದ ಕರಕುಶಲ ಇಲಾಖೆಯದು. ಅದಿದ್ದರೆ ಗಾಂಧಿ ಶಿಲ್ಪ ಬಜಾರ್ ಅನ್ನುವ ಕರಕುಶಲ ಮೇಳದಲ್ಲಿ ಮಳಿಗೆ ಕೇಳಬಹುದು. ಕಸೂತಿಗೆ ಜಿಐ (ಭೌಗೋಳಿಕ ಗುರುತು) ಟ್ಯಾಗ್ ಇದೆ. ಆದರೆ ಆ ಗುರುತು ಬಳಸಬೇಕೆಂದರೆ ನಾವು ಅಧಿಕೃತ ಬಳಕೆದಾರರು ಅಂತ ಬೇರೆ ಅರ್ಜಿ ಹಾಕಬೇಕು. ಮೊದಲು ಶುಲ್ಕ 500 ಇತ್ತು, 2020ರಲ್ಲಿ 10 ರೂಪಾಯಿಗೆ ಇಳಿಸಿದರು. ಹತ್ತು ರೂಪಾಯಿ ಅಂದರೂ ನಮ್ಮ ಕಡೆ ಹಾಕಿದವರು ಕಡಿಮೆ. ಆ ಫಾರಂ ತುಂಬುವುದೇ ಒಂದು ತೇರು ಎಳೆದ ಹಾಗೆ.

ಮಾಳಮಡ್ಡಿ
16 ಜೂನ್ 2024

ಫಾರಂ ನನಗೆ ಬಿಡಿ. 34 ವರ್ಷ ಅದನ್ನೇ ಮಾಡಿದ್ದೇನೆ. ನಿಮ್ಮದು, ನಿಮ್ಮ ಓಣಿಯವರದು ಎಲ್ಲರದೂ ತುಂಬಿಕೊಡುತ್ತೇನೆ. ದಾಖಲೆ ತನ್ನಿ, ಶನಿವಾರ ನಮ್ಮ ಮನೆಗೆ ಬನ್ನಿ. ವಿಳಾಸ ಖಾಸಗಿ ಸಂದೇಶದಲ್ಲಿ ಕಳಿಸಿದ್ದೇನೆ.

ಇನ್ನೊಂದು ಕೇಳಬೇಕಿತ್ತು. ಕಪ್ಪು ಚಂದ್ರಕಾಳಿ ಸೀರೆಗೆ ಹಾಕಿಕೊಡಿ ಅಂತ ಒಬ್ಬರು ಕೇಳಿದ್ದಾರೆ. ಸಂಜೆ ಆದರೆ ಎಳೆ ಕಾಣುವುದೇ ಇಲ್ಲ. ಕನ್ನಡಕ ಹೊಸದೇ.

ಸೂಜಿಮೊನೆ
17 ಜೂನ್ 2024

ತೊಡೆ ಮೇಲೆ ಬಿಳಿ ಬಟ್ಟೆ ಹಾಸಿಕೊಂಡು ಕೂರಿ. ಕಪ್ಪು ಬಟ್ಟೆಯ ಎಳೆಗಳ ನಡುವಿನ ಸಂದು ಬೆಳ್ಳಗೆ ಕಾಣುತ್ತದೆ. ಕಪ್ಪನ್ನು ಬೆಳಿಗ್ಗೆ ಮಾತ್ರ ಹಾಕಿ, ಕಿಟಕಿ ಎಡಗಡೆಗೆ ಇರಲಿ. ಸಂಜೆ ಲೈಟಿನಲ್ಲಿ ನಾನೂ ಹಾಕುವುದಿಲ್ಲ, ನನಗಿನ್ನೂ 41.

ನುಣುಪು ರೇಷ್ಮೆ ಬಂದರೆ ಎಳೆ ಎಣಿಸಲು ಹೋಗಬೇಡಿ. ಮೇಲೆ ಮ್ಯಾಟಿ (ಚೌಕ ಎದ್ದು ಕಾಣುವ ನೇಯ್ಗೆಯ) ಬಟ್ಟೆ ಟಾಕಿ ಹಾಕಿಕೊಂಡು, ಅದರ ಚೌಕ ಎಣಿಸಿ ಹೊಲಿದು, ಆಮೇಲೆ ಮ್ಯಾಟಿಯ ಎಳೆ ಒಂದೊಂದೇ ಎಳೆದು ತೆಗೆಯಿರಿ.

ಮಾಳಮಡ್ಡಿ
22 ಸೆಪ್ಟೆಂಬರ್ 2024

ಮೂರು ತಿಂಗಳಾಯಿತು, ಏನಾಯಿತು ಅಂತ ಹೇಳುತ್ತೇನೆ. ಬೆಲೆ 3,600 ಮಾಡಿದೆ. ಜುಲೈಯಲ್ಲಿ ಒಂದೂ ಹೋಗಲಿಲ್ಲ, ಆಗಸ್ಟಿನಲ್ಲಿ ಒಂದು. ಹಳೆ ಸಹೋದ್ಯೋಗಿಯೊಬ್ಬಳು "ದುಡ್ಡಿನ ರುಚಿ ಹತ್ತಿತು ನಿನಗೆ" ಅಂದಳು. ನಗುತ್ತಲೇ ಅಂದಳು, ಆದರೂ ಎರಡು ದಿನ ಮನಸ್ಸಿಗೆ ಹತ್ತಿಕೊಂಡಿತ್ತು. ಖಣದ ಪೌಚು ಮಾತ್ರ ಓಡುತ್ತಿವೆ, ಬನಶಂಕರಿಯವರ ಮಾತು ನಿಜ ಆಯಿತು.

ಒಂದು ಅನಾಹುತವೂ ಆಯಿತು. ಕೆನೆ ಬಣ್ಣದ ದುಪಟ್ಟಾಕ್ಕೆ ಕೆಂಪು ದಾರದಲ್ಲಿ ಅಂಬಾರಿ ಹಾಕಿದ್ದೆ, 52 ಗಂಟೆ. ಗಿರಾಕಿ ಮೊದಲ ಸಲ ಒಗೆದಾಗಲೇ ಕೆಂಪು ಬಿಟ್ಟುಕೊಂಡಿತು. ಆನೆ ಗುಲಾಬಿ ಕೆರೆಯಲ್ಲಿ ನಿಂತ ಹಾಗೆ ಫೋಟೋ ಬಂತು. ದಾರ ಯಾವ ಕಂಪನಿಯದು ಅಂತ ಇಲ್ಲಿ ಬೇಡ. ಪರೀಕ್ಷೆ ಮಾಡದೆ ಹಾಕಿದ್ದು ನನ್ನ ತಪ್ಪೇ. ಹಣ ವಾಪಸ್ ಕೊಟ್ಟೆ. ಈಗ ಪ್ರತಿ ಹೊಸ ಲಡಿಯಿಂದ ಗೇಣುದ್ದ ದಾರ ಕತ್ತರಿಸಿ, ಬಿಸಿ ನೀರಿನಲ್ಲಿ ಅದ್ದಿ, ಬಿಳಿ ಬಟ್ಟೆಯ ಮೇಲೆ ಒತ್ತಿ ನೋಡುತ್ತೇನೆ.

ತಿಗರಿ ತಾತ
22 ಸೆಪ್ಟೆಂಬರ್ 2024

ನನ್ನ ಭಟ್ಟಿಗೆ ಕರೆಂಟ್ ಬಂತು. ಮೊದಲ ಸುಡುವಿಕೆಯಲ್ಲಿ ಒಂಬತ್ತು ಚಹಾ ಕಪ್ ಇಟ್ಟೆ, ಏಳು ಒಡೆದವು. ನಾವಿಬ್ಬರೂ ಒಂದೇ ದೋಣಿ.

ಬನಶಂಕರಿ ಬೊಟಿಕ್
23 ಸೆಪ್ಟೆಂಬರ್ 2024

ಹಣ ವಾಪಸ್ ಕೊಟ್ಟಿರಲ್ಲ, ಆ ಗಿರಾಕಿ ಮತ್ತೆ ಬರುತ್ತಾಳೆ ನೋಡಿ. ದಸರಾ, ದೀಪಾವಳಿಗೆ ಆರು ದುಪಟ್ಟಾ ನನಗೆ ಕಳಿಸಿ. ನಿಮ್ಮ ಬೆಲೆ ನಿಮಗೆ, ಮೇಲೆ ನನ್ನ ಪಾಲು ಇಟ್ಟು ಮಾರುತ್ತೇನೆ.

ಮಾಳಮಡ್ಡಿ
23 ಸೆಪ್ಟೆಂಬರ್ 2024

ಆರು ನನ್ನಿಂದ ಆಗುವುದಿಲ್ಲ. ಎರಡು ನಾನು, ನಾಲ್ಕು ಕಲಘಟಗಿಯಿಂದ. ಗಂಟೆಗೆ 60 ಅವರಿಗೆ ನೇರವಾಗಿ ಖಾತೆಗೆ ಹಾಕುತ್ತೇನೆ, ಬುಟ್ಟಾ ಲೆಕ್ಕ ಇಲ್ಲ. ತಂಗೀ, ಒಪ್ಪಿಗೆಯಾ?

ಸೂಜಿಮೊನೆ
23 ಸೆಪ್ಟೆಂಬರ್ 2024

ಒಪ್ಪಿಗೆ. ಆದರೆ ಗಂಟೆ ಲೆಕ್ಕದಲ್ಲಿ ನಿಧಾನ ಹಾಕುವವಳಿಗೆ ಜಾಸ್ತಿ, ಚುರುಕಿನವಳಿಗೆ ಕಡಿಮೆ ಆಗುತ್ತದೆ. ದುಪಟ್ಟಾಕ್ಕೆ ಇಷ್ಟು ಅಂತ ಕೊಡಿ, 40 ಗಂಟೆ ಅಂತ ಹಿಡಿದು 2,400. ಬೇಗ ಮುಗಿಸಿದರೆ ನಮ್ಮ ಪುಣ್ಯ. ಹಬ್ಬಕ್ಕೆ ಮೊದಲು ಅರ್ಧ ಮುಂಗಡ ಬೇಕು.

ಮಾಳಮಡ್ಡಿ
23 ಸೆಪ್ಟೆಂಬರ್ 2024

ಆಯಿತು. ಬ್ಯಾಂಕಿನಲ್ಲಿ ಇದ್ದಾಗ ಇಷ್ಟು ಚೌಕಾಶಿ ಮಾಡುವವರು ನನಗೆ ಸಿಕ್ಕಿರಲಿಲ್ಲ.

ಮಾಳಮಡ್ಡಿ
17 ನವೆಂಬರ್ 2024

ಆರರಲ್ಲಿ ಐದು ಹೋದವು. ಉಳಿದದ್ದು ನಾನು ಹಾಕಿದ್ದು, ಹಸಿರಿನ ಮೇಲೆ ತೇರು. ಕಲಘಟಗಿಯ ನಾಲ್ಕೂ ಮೊದಲ ವಾರವೇ ಖಾಲಿ. ನನಗೆ ಉಳಿದ ಲಾಭ ಹೇಳಿದರೆ ನಗುತ್ತೀರಿ, ಹೇಳುವುದಿಲ್ಲ. ಆದರೆ ಈ ಸಲ ಬರೆದಿಟ್ಟ ಲೆಕ್ಕ ಕೂಡಿದೆ, ಪೆನ್ಷನ್ ಮುಟ್ಟಿಲ್ಲ.

ಆ ತೇರಿನ ಫೋಟೋ ಹಾಕಿದ್ದೇನೆ, ಮುಂದೆ ಹಿಂದೆ ಎರಡೂ. ಯಾಕೆ ಹೋಗಲಿಲ್ಲ ಅಂತ ನೀವೇ ಹೇಳಿ. ಬಣ್ಣವಾ?

ಗದಗಿನ ಹುಡುಗ
17 ನವೆಂಬರ್ 2024

ಬಣ್ಣ ಸೂಪರ್ ಇದೆ ಆಂಟಿ. ಫೋಟೋ ಬೆಳಕಲ್ಲಿ ತೆಗೆಯಿರಿ.

ಸೂಜಿಮೊನೆ
17 ನವೆಂಬರ್ 2024

ಎಡಗಡೆಯ ಗಾಲಿ ನೋಡಿ ಅಕ್ಕಾರೆ. ಕೆಳಗಿನಿಂದ ಮೂರನೇ ಸಾಲು. ನಾಲ್ಕು ಎಳೆ ಬಿಡುವ ಕಡೆ ಐದು ಬಿಟ್ಟಿದ್ದೀರಿ. ಅಲ್ಲಿಂದ ಮೇಲೆ ಇಡೀ ತೇರು ಒಂದೆಳೆ ವಾಲಿದೆ.

ಮಾಳಮಡ್ಡಿ
17 ನವೆಂಬರ್ 2024

ಎರಡು ಸಲ ಎಣಿಸಿದೆ. ಐದೇ ಇದೆ. ಬಿಚ್ಚುತ್ತಾ ಇದ್ದೇನೆ.